ಬಂಜರು ನೆಲಕ್ಕೆ ಬೀಜ ಎರಚುವ ಮುನ್ನ: ಹುಲ್ಲು ಆರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ದೇಶದವರಾದರೂ ಸರಿ, ಯಾವ ಇಲಾಖೆಯವರಾದರೂ ಸರಿ. ಬೋಳು ಗುಡ್ಡಕ್ಕೆ, ಹೊಸದಾಗಿ ಅಗೆದ ರಸ್ತೆಯ ಬದಿಗೆ, ದನ ಮೇದು ಸವೆದ ಹುಲ್ಲುಗಾವಲಿಗೆ ಯಾವ ಹುಲ್ಲಿನ ಬೀಜ ಎರಚಬೇಕು ಅಂತ ಸಹಿ ಹಾಕುವವರು ನೀವಾದರೆ, ಈ ಪತ್ರ ನಿಮಗೆ. ಸಹಿ ಹಾಕುವವರನ್ನು ಪ್ರಶ್ನೆ ಕೇಳುವ ಹಕ್ಕಿರುವ ಓದುಗರಾದರೆ, ನಿಮಗೂ.

ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ. ಸೊನೊರಾ ಮರುಭೂಮಿಯೊಳಗಿನ ಊರು. ಬಿಸಿಲು ಸ್ವಲ್ಪ ಇಳಿಯಿತೆಂದರೆ ನನ್ನ ಶನಿವಾರದ ಬೆಳಗುಗಳೆಲ್ಲ ಒಂದೇ ಕೆಲಸಕ್ಕೆ ಹೋಗುತ್ತವೆ. ಹಾರೆ ಹಿಡಿದು ಗುಡ್ಡ ಹತ್ತಿ ಹುಲ್ಲು ಕೀಳುವುದು. ಬಫೆಲ್ ಹುಲ್ಲು ಅಂತ ಅದರ ಹೆಸರು. ವಿಜ್ಞಾನಿಗಳು ಸೆಂಕ್ರಸ್ ಸಿಲಿಯಾರಿಸ್ ಎನ್ನುತ್ತಾರೆ. ರಾಜಸ್ಥಾನದ ಕಡೆ ಅಂಜನ್, ಧಾಮನ್ ಅಂತ ಕರೆಯುವುದೂ ಇದನ್ನೇ. ಆಫ್ರಿಕಾದಿಂದ ಭಾರತದವರೆಗಿನ ಒಣ ನಾಡುಗಳು ಇದರ ತವರು. ತವರಿನಲ್ಲಿ ಇದು ಒಳ್ಳೆಯ ಮೇವು. ಅಲ್ಲಿ ಇದರ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರು ಇರುವುದು ಇದನ್ನು ಹೊತ್ತು ತಂದ ರೀತಿಯ ಬಗ್ಗೆ. ಅದಕ್ಕೇ ಈ ಪತ್ರ.

ಮೊದಲು ಒಂದು ಬುಡ ಕೀಳುವುದು ಹೇಗಿರುತ್ತದೆ ಹೇಳುತ್ತೇನೆ. ಹುಲ್ಲು ಅಂದ ತಕ್ಷಣ ಕೈಯಲ್ಲಿ ಹಿಡಿದು ಎಳೆದರೆ ಬರುವ ಎಳೆಗರಿಕೆ ಕಣ್ಣಿಗೆ ಬರಬಹುದು. ಇದು ಹಾಗಲ್ಲ. ಸೊಂಟದೆತ್ತರದ ಪೊದೆ. ಬುಡಕ್ಕೆ ಒಂದು ಗೇಣು ದೂರದಲ್ಲಿ ಹಾರೆ ಊರಬೇಕು. ಕಲ್ಲಿನ ಸಂದಿ ಸಿಗುವವರೆಗೆ ಕುಟ್ಟಬೇಕು. ಆಮೇಲೆ ಮೈಭಾರವನ್ನೆಲ್ಲ ಹಾಕಿ ಮೀಟಬೇಕು. ಚಟ್ ಅಂತ ಸದ್ದಾಗಿ ಬುಡ ಸಡಿಲವಾಗುತ್ತದೆ. ಎತ್ತಿ ಕಲ್ಲಿಗೆ ಬಡಿದರೆ ಮಣ್ಣು ಉದುರುತ್ತದೆ. ಆಗ ಕಾಣುವುದು ಒತ್ತೊತ್ತಾಗಿ ಹೆಣೆದುಕೊಂಡ ಗಂಟು. ಪ್ರತಿ ಕಡ್ಡಿಯ ಬುಡವೂ ಸ್ವಲ್ಪ ಊದಿಕೊಂಡಿರುತ್ತದೆ. ಆ ಊದಿಕೊಂಡ ಜಾಗವೇ ಇದರ ಉಗ್ರಾಣ. ಮೇಲಿನದ್ದನ್ನು ದನ ಮೇಯಲಿ, ಕತ್ತಿ ಕತ್ತರಿಸಲಿ, ಬೆಂಕಿ ಸುಡಲಿ, ಕೆಳಗೆ ಕೂಡಿಟ್ಟ ಆಹಾರದಿಂದ ಮತ್ತೆ ಚಿಗುರುತ್ತದೆ. ಗಂಟಿನ ಒಂದು ಚೂರು ನೆಲದಲ್ಲಿ ಉಳಿದರೂ ನಾವು ಮಾಡಿದ ಕೆಲಸ ವ್ಯರ್ಥ.

ಹಳೆಯ ಕಡ್ಡಿಗಳನ್ನೂ ನೋಡಬೇಕು. ಬೂದು ಬಣ್ಣಕ್ಕೆ ತಿರುಗಿ ಪೂರ್ತಿ ಒಣಗಿದ ಹಾಗೆ ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಗಿಣ್ಣಿನಲ್ಲಿ ಒಂದು ಹಸಿರು ಮೊಳಕೆ. ಹೋದ ವರ್ಷದ ಕಡ್ಡಿಯಿಂದಲೇ ಈ ವರ್ಷದ ಎಲೆ. ಒಂದೆರಡು ಸಣ್ಣ ಮಳೆ ಬಿದ್ದರೆ ಸಾಕು, ಪಕ್ಕದ ಗಿಡಗಳೆಲ್ಲ ಇನ್ನೂ ಅನುಮಾನದಲ್ಲಿರುವಾಗ ಇದು ಹಸಿರಾಗಿ ನಿಂತಿರುತ್ತದೆ.

ತೆನೆ ನರಿಬಾಲದಂತೆ ಇರುತ್ತದೆ. ಎಳೆಯದರಲ್ಲಿ ನೇರಳೆ ಛಾಯೆ, ಬಲಿತ ಮೇಲೆ ಒಣಹುಲ್ಲಿನ ಬಣ್ಣ. ಎರಡು ಬೆರಳಿನ ನಡುವೆ ಹಿಡಿದು ಎಳೆದರೆ ಬೀಜಗಳೆಲ್ಲ ಕಳಚಿ ಅಂಗೈಗೆ ಬರುತ್ತವೆ. ಉಳಿದ ಬರಿಯ ಕಡ್ಡಿಯ ಮೇಲೆ ಬೆರಳಾಡಿಸಿ. ಮರಳು ಕಾಗದದ ಹಾಗೆ ತರಿತರಿ. ಹೊಸಬರಿಗೆ ನಾವು ಹೇಳಿಕೊಡುವ ಗುರುತು ಇದೇ. ಅಂಗೈಯಲ್ಲಿರುವ ಬೀಜಕ್ಕೆ ತೂಕವೇ ಇಲ್ಲ. ಸುತ್ತ ಮೃದುವಾದ ರೋಮ. ಗಾಳಿಗೆ ಹಾರುತ್ತದೆ, ನೀರಲ್ಲಿ ತೇಲುತ್ತದೆ, ಪ್ರಾಣಿಗಳ ಮೈಗೆ, ನಮ್ಮ ಕಾಲುಚೀಲಕ್ಕೆ, ಲಾರಿಯ ಟೈರಿಗೆ ಅಂಟಿಕೊಂಡು ಊರೂರು ಸುತ್ತುತ್ತದೆ. ಕೆಲಸ ಮುಗಿಸಿ ಇಳಿಯುವ ಮುಂಚೆ ನಾವು ಕಲ್ಲಿನ ಮೇಲೆ ಕೂತು ಕಾಲುಚೀಲದಿಂದ ಒಂದೊಂದೇ ಬೀಜ ಬಿಡಿಸಿ ಚೀಲಕ್ಕೆ ಹಾಕುತ್ತೇವೆ. ಇಲ್ಲದಿದ್ದರೆ ನಾವೇ ಬಿತ್ತನೆ ಮಾಡುತ್ತಾ ಮನೆಗೆ ಹೋದ ಹಾಗೆ.

ಇನ್ನೊಂದು ವಿಷಯ. ಈ ಹುಲ್ಲಿನ ಬೀಜ ಕಟ್ಟಲು ಪರಾಗಸ್ಪರ್ಶದ ಮೂಲಕ ಗಂಡು-ಹೆಣ್ಣು ಸೇರಲೇಬೇಕು ಅಂತೇನಿಲ್ಲ. ಬಹುಪಾಲು ಬೀಜಗಳು ತಾಯಿಯ ಅಂಶವೊಂದನ್ನೇ ಹೊತ್ತು ಹುಟ್ಟುತ್ತವೆ. ಅಂದರೆ ಒಂದೇ ಒಂದು ಗಿಡ ಒಂಟಿಯಾಗಿ ಒಂದು ಕಣಿವೆಗೆ ಬಂದಿಳಿದರೂ ಅದಕ್ಕೆ ಜೊತೆ ಬೇಕಿಲ್ಲ. ಅದರದ್ದೇ ಪಡಿಯಚ್ಚುಗಳಿಂದ ಕಣಿವೆ ತುಂಬುತ್ತದೆ.

ಬಿಸಿಲಿಗೂ ಇದು ಜಗ್ಗುವುದಿಲ್ಲ. ಅದಕ್ಕೆ ಕಾರಣ ಎಲೆಯೊಳಗಿದೆ. ಹೆಚ್ಚಿನ ಗಿಡಗಳು ಸುಡುಬಿಸಿಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತವೆ, ನೀರು ಆವಿಯಾಗಿ ಹೋಗದಿರಲಿ ಅಂತ. ರಂಧ್ರ ಮುಚ್ಚಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಆಹಾರ ತಯಾರಿಕೆ ಕುಗ್ಗುತ್ತದೆ. ಬಫೆಲ್ ಹುಲ್ಲು ಸಿ4 ಗುಂಪಿಗೆ ಸೇರಿದ್ದು. ಕಬ್ಬು, ಮುಸುಕಿನ ಜೋಳ ಎಲ್ಲ ಇದೇ ಗುಂಪು. ಇವು ಇಂಗಾಲದ ಡೈಆಕ್ಸೈಡನ್ನು ಎಲೆಯ ನರಗಳ ಸುತ್ತಲಿನ ಕೋಶಗಳಿಗೆ ಪಂಪ್ ಮಾಡಿ ಅಲ್ಲಿ ದಟ್ಟವಾಗಿ ಕೂಡಿಹಾಕುತ್ತವೆ. ರಂಧ್ರ ಸ್ವಲ್ಪ ತೆರೆದಿದ್ದರೂ ಸಾಕು, ಕೆಲಸ ಜೋರಾಗಿ ಸಾಗುತ್ತದೆ. ಕಡಿಮೆ ನೀರಿಗೆ ಜಾಸ್ತಿ ಬೆಳೆ. ಜೊತೆಗೆ ಮೀಟರುಗಟ್ಟಲೆ ಆಳಕ್ಕಿಳಿಯುವ ಬೇರು ಬೇರೆ.

ಈಗ ನಾನು ಹೇಳಿದ್ದನ್ನೆಲ್ಲ ಒಂದು ಬೀಜದ ಚೀಲದ ಮೇಲೆ ಬರೆದಿದ್ದಾರೆ ಅಂದುಕೊಳ್ಳಿ. ಬರ ತಡೆಯುತ್ತದೆ. ಆಳವಾಗಿ ಬೇರುಬಿಡುತ್ತದೆ. ಮೇದಷ್ಟೂ ಚಿಗುರುತ್ತದೆ. ಸುಟ್ಟರೂ ಬರುತ್ತದೆ. ಬೀಜ ಧಾರಾಳ. ತಾನಾಗಿಯೇ ಹರಡುತ್ತದೆ. ಆರೈಕೆ ಬೇಡ. ನೀವೂ ಸಹಿ ಹಾಕುತ್ತಿದ್ದಿರಿ, ಅಲ್ವಾ? ನಾನೂ ಹಾಕುತ್ತಿದ್ದೆ.

ಹಾಗೆಯೇ ಹಾಕಿದರು. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಉತ್ತ ಮಣ್ಣೆಲ್ಲ ಗಾಳಿಗೆದ್ದು ಹೋಯಿತು. ಧೂಳಿನ ಬಿರುಗಾಳಿಗೆ ಸಂಸಾರಗಳೇ ಗುಳೆ ಹೋದವು. 1935ರಲ್ಲಿ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ಮಾಡಿತು. ಮಣ್ಣು ಹಿಡಿದಿಡುವ ಹುಲ್ಲಿಗಾಗಿ ಜಗತ್ತೆಲ್ಲ ಹುಡುಕಾಟ ನಡೆಯಿತು. ಉತ್ತರ ಕೀನ್ಯಾದ ತುರ್ಕಾನಾ ಪ್ರದೇಶದಿಂದ ಬಂದ ಬಫೆಲ್ ಬೀಜವನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಬೆಳೆದು ನೋಡಿದರು. ಗೆದ್ದಿತು. 1946ರಲ್ಲಿ ಟಿ-4464 ಅನ್ನುವ ಹೆಸರಿನಲ್ಲಿ ಬಿಡುಗಡೆಯಾಯಿತು. ಆ ಜನರನ್ನು ನಾನು ದೂರುವುದಿಲ್ಲ. ಕಣ್ಣೆದುರಿಗೆ ನೆಲ ಹಾರಿಹೋಗುತ್ತಿದ್ದಾಗ ಅವರು ಹಿಡಿದು ನಿಲ್ಲುವ ಹುಲ್ಲನ್ನು ಹುಡುಕಿದರು. ಅದು ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ಗಡಿಯಾಚೆ ಮೆಕ್ಸಿಕೋದ ಸೊನೊರಾ ರಾಜ್ಯದಲ್ಲಿ ದನದ ಮೇವಿಗಾಗಿ ಮರುಭೂಮಿಯ ಮರಗಳನ್ನು ಬುಲ್ಡೋಜರಿನಿಂದ ಕಿತ್ತು ಈ ಹುಲ್ಲು ಬಿತ್ತಿದರು. ಅದಕ್ಕೆ ಸರ್ಕಾರದ ಪ್ರೋತ್ಸಾಹವೂ ಇತ್ತು. ಅರಿಜೋನಾದಲ್ಲಿ ಅದು ಬಹಳ ಕಾಲ ರಸ್ತೆ ಬದಿಯಲ್ಲಿ, ಅಲ್ಲಲ್ಲಿ, ಸದ್ದಿಲ್ಲದೆ ಇತ್ತು. ಆಮೇಲೆ ಒಮ್ಮೆಗೇ ಗುಡ್ಡ ಹತ್ತತೊಡಗಿತು. ಆಗಂತುಕ ಗಿಡಗಳ ಸ್ವಭಾವವೇ ಅದು. ಬಂದ ಹೊಸದರಲ್ಲಿ ಪಾಪದ ಗಿಡ ಅನ್ನಿಸುತ್ತದೆ. ಸಂಖ್ಯೆ ಒಂದು ಮಟ್ಟ ದಾಟುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. 2005ರಲ್ಲಿ ಅರಿಜೋನಾ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿತು. ಬಿಡುಗಡೆಯಾದ 1946ಕ್ಕೂ ಪಟ್ಟಿಗೆ ಸೇರಿದ 2005ಕ್ಕೂ ನಡುವೆ 59 ವರ್ಷ.

ಹುಲ್ಲು ಬಂದರೆ ಏನು ನಷ್ಟ ಅಂತ ನೀವು ಕೇಳಬಹುದು. ಮರುಭೂಮಿಯಲ್ಲಿ ಹಸಿರು ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ? ಈ ಪ್ರಶ್ನೆಯನ್ನು ನಾನು ನೂರು ಸಲ ಕೇಳಿಸಿಕೊಂಡಿದ್ದೇನೆ. ಉತ್ತರಕ್ಕೆ ಸವಾರೊ ಕಳ್ಳಿಯ ಕಥೆ ಹೇಳಬೇಕು.

ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಕಂಬದಂತೆ ನೇರ ನಿಂತು, ಎರಡು ಕೈ ಮೇಲೆತ್ತಿದ ಕಳ್ಳಿ. ಇಡೀ ಜಗತ್ತಿನಲ್ಲಿ ಅದು ತಾನಾಗಿ ಬೆಳೆಯುವುದು ಸೊನೊರಾ ಮರುಭೂಮಿಯಲ್ಲಿ ಮಾತ್ರ. ಬೀಜ ಬಿದ್ದು ಎಂಟು ವರ್ಷವಾದರೂ ಅದರ ಎತ್ತರ ಒಂದು, ಒಂದೂವರೆ ಇಂಚು. ನಿಮ್ಮ ಹೆಬ್ಬೆರಳ ತುದಿಯಷ್ಟು! ಅಷ್ಟೂ ವರ್ಷ ಅದನ್ನು ಬಿಸಿಲಿನಿಂದ, ಹಿಮದಿಂದ ಕಾಯುವುದು ಒಂದು ಮರ. ಹೆಚ್ಚಾಗಿ ಹಸಿರು ತೊಗಟೆಯ ಪಾಲೊ ವರ್ಡೆ. ಇಲ್ಲಿನವರು ಅದನ್ನು ದಾದಿ ಮರ ಅನ್ನುತ್ತಾರೆ. ಮೊದಲ ಹೂವು ಬಿಡಲು ಸುಮಾರು 35 ವರ್ಷ. ಮೊದಲ ಕೈ ಮೂಡಲು 50ರಿಂದ 70 ವರ್ಷ. ಆಯುಷ್ಯ 150ರಿಂದ 200 ವರ್ಷ. ಅದರ ಹೂವಿಗೆ ರಾತ್ರಿ ಬಾವಲಿ ಬರುತ್ತದೆ, ಹಗಲು ಪಾರಿವಾಳ ಬರುತ್ತದೆ. ಮರಕುಟಿಗ ಅದರಲ್ಲಿ ಪೊಟರೆ ಕೊರೆಯುತ್ತದೆ. ಆ ಪೊಟರೆ ಖಾಲಿಯಾದ ಮೇಲೆ ಅಂಗೈಗಾತ್ರದ ಗೂಬೆ ಸಂಸಾರ ಹೂಡುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓದಮ್ ಜನ ಬೇಸಿಗೆಯಲ್ಲಿ ಉದ್ದನೆಯ ಗಳುವಿನಿಂದ ಅದರ ಹಣ್ಣು ಕೀಳುತ್ತಾರೆ. ಅವರ ಹೊಸ ವರ್ಷ ಶುರುವಾಗುವುದು ಅದೇ ಸುಗ್ಗಿಯಿಂದ.

ಈ ಮರುಭೂಮಿಗೆ ದೊಡ್ಡ ಬೆಂಕಿಯ ಪರಿಚಯವೇ ಇರಲಿಲ್ಲ. ಕಾರಣ, ಗಿಡಕ್ಕೂ ಗಿಡಕ್ಕೂ ನಡುವೆ ಬರಿ ನೆಲ. ಸಿಡಿಲು ಹೊಡೆದರೆ ಒಂದು ಮರ ಉರಿದು ಅಲ್ಲೇ ಆರುತ್ತಿತ್ತು. ನಾವು ನೋಡಿ ಬಂಜರು ಅನ್ನುವ ಆ ಖಾಲಿ ಜಾಗವೇ ಇದರ ಗೋಡೆಯಾಗಿತ್ತು. ಬಫೆಲ್ ಹುಲ್ಲು ಬಂದು ತುಂಬಿದ್ದು ಅದೇ ಜಾಗವನ್ನು. ಒಣಗಿದ ಮೇಲೂ ಅದು ಕೊಳೆಯದೆ ವರ್ಷಗಟ್ಟಲೆ ನಿಂತಿರುತ್ತದೆ. ಕಿಡಿಯೊಂದು ಬಿದ್ದರೆ ಒಂದು ಗಿಡದಿಂದ ಇನ್ನೊಂದಕ್ಕೆ ಬೆಂಕಿ ನಡೆದು ಹೋಗಲು ಸೇತುವೆ ಸಿದ್ಧ.

ಬೆಂಕಿಯಾದ ಮೇಲೆ ಹುಲ್ಲು ಬುಡದಿಂದ ಚಿಗುರುತ್ತದೆ. ಸವಾರೊ ಚಿಗುರುವುದಿಲ್ಲ. ಸುಟ್ಟು ಸತ್ತ ಗಿಡಗಳ ಜಾಗಕ್ಕೆ ಇನ್ನಷ್ಟು ಹುಲ್ಲು ಬರುತ್ತದೆ. ಇನ್ನಷ್ಟು ಹುಲ್ಲಿನಿಂದ ಇನ್ನೊಂದು ಬೆಂಕಿ. 1992ರಲ್ಲಿ ಕಾರ್ಲಾ ಡಿ'ಆಂಟೋನಿಯೋ ಮತ್ತು ಪೀಟರ್ ವಿಟೌಸೆಕ್ ಎಂಬ ವಿಜ್ಞಾನಿಗಳು ಈ ಸುತ್ತನ್ನು ಹುಲ್ಲು-ಬೆಂಕಿ ಚಕ್ರ ಅಂತ ಕರೆದು ವಿವರಿಸಿದರು. ಆಫ್ರಿಕಾದ ಹುಲ್ಲುಗಾಡಿನ ಮರಗಳು ಈ ಚಕ್ರದ ಜೊತೆಯೇ ಬೆಳೆದು ಬಂದವು. ದಪ್ಪ ತೊಗಟೆ, ಬೇರಿನಿಂದ ಮತ್ತೆ ಮೊಳೆಯುವ ಶಕ್ತಿ ಅವಕ್ಕಿದೆ. ಕಳ್ಳಿಗೆ ಇರುವುದು ತೆಳು ಚರ್ಮ, ಒಳಗೆಲ್ಲ ನೀರು.

ಬೆಂಕಿ ಬಿದ್ದ ಸವಾರೊ ಅಂದೇ ಸಾಯುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಬುಡದಲ್ಲಿ ಆಳೆತ್ತರಕ್ಕೆ ಕಂದು ಬಣ್ಣ, ಮೇಲೆಲ್ಲ ಹಸಿರು. ಮುಂದಿನ ಬೇಸಿಗೆಯಲ್ಲಿ ಹೂವೂ ಬಿಡಬಹುದು. ನೋಡಿದವರು ಬದುಕಿತು ಅಂದುಕೊಳ್ಳುತ್ತಾರೆ. ಎರಡು ವರ್ಷ, ಐದು ವರ್ಷ ಹಾಗೇ ನಿಂತಿದ್ದು ಒಂದು ದಿನ ಕುಸಿಯುತ್ತದೆ. ನಾನು ಹೋಗುವ ಒಂದು ಇಳಿಜಾರಿನಲ್ಲಿ ಹಾಗೆ ನಿಂತ ಒಂದಿದೆ. ಐದು ಕೈಗಳಿವೆ. ಅದರ ಪಕ್ಕದಲ್ಲಿ ಹಾದು ಹೋಗುವಾಗ ನಾವು ಯಾರೂ ಮಾತಾಡುವುದಿಲ್ಲ.

ಬೆಂಕಿ ಬೀಳದಿದ್ದರೂ ಹಾನಿ ನಿಲ್ಲುವುದಿಲ್ಲ. ದಟ್ಟ ಹುಲ್ಲಿನ ಬೇರುಗಳು ಮಳೆಯ ನೀರನ್ನು ಮೊದಲೇ ಹೀರಿಬಿಡುತ್ತವೆ. ದಾದಿ ಮರಗಳು ಸೊರಗುತ್ತವೆ. ಅವುಗಳ ನೆರಳಲ್ಲಿ ಇರಬೇಕಾದ ಹೆಬ್ಬೆರಳಿನಷ್ಟು ಕಳ್ಳಿಗಳು ಹುಟ್ಟುವುದೇ ಇಲ್ಲ. ದೊಡ್ಡವು ನಿಂತಿರುವುದರಿಂದ ಕಾಡು ಚೆನ್ನಾಗಿದೆ ಅನ್ನಿಸುತ್ತದೆ. ಮಕ್ಕಳಿಲ್ಲದ ಊರಿನ ಹಾಗೆ ಅದು.

ಇದು ಅರಿಜೋನಾದ ಕಥೆ ಮಾತ್ರ ಅಂತ ಪಕ್ಕಕ್ಕಿಡಬೇಡಿ. ಆಸ್ಟ್ರೇಲಿಯಾಕ್ಕೆ ಇದೇ ಹುಲ್ಲು 19ನೇ ಶತಮಾನದಲ್ಲಿ ಒಂಟೆಗಳ ಜೀನಿಗೆ ತುಂಬಿದ ಹುಲ್ಲಿನೊಂದಿಗೆ ಬಂತು. ಮುಂದೆ ಮೇವಿಗೆ, ಧೂಳು ತಡೆಯಲು ಅಂತ ಬೇಕೆಂದೇ ಬಿತ್ತಿದರು. ಈಗ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳು ಹೇಳುವುದನ್ನು ಕೇಳಿ. ಹುಲ್ಲು ಮುಚ್ಚಿದ ನೆಲದಲ್ಲಿ ಪ್ರಾಣಿಗಳ ಹೆಜ್ಜೆ ಗುರುತು ಕಾಣುವುದಿಲ್ಲ, ಕಾಡಿನ ಗೆಡ್ಡೆ ಹಣ್ಣು ಸಿಗುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯ 2015ರಲ್ಲಿ ಇದನ್ನು ಕಳೆ ಅಂತ ಘೋಷಿಸಿತು. ನಾರ್ದರ್ನ್ ಟೆರಿಟರಿ 2024ರಲ್ಲಿ. ಇನ್ನು ಹವಾಯಿಯ ಲಹೈನಾ ಪಟ್ಟಣ. 2023ರ ಆಗಸ್ಟ್ 8ರ ಬೆಂಕಿಗೆ ಅಲ್ಲಿ ಸುಮಾರು ನೂರು ಜನ ಸತ್ತರು. ಕಬ್ಬಿನ ತೋಟಗಳು ಮುಚ್ಚಿದ ಮೇಲೆ ಪಾಳುಬಿದ್ದ ಹೊಲಗಳಲ್ಲಿ ಹೊರಗಿನಿಂದ ಬಂದ ಹುಲ್ಲುಗಳು ಎತ್ತರಕ್ಕೆ ಬೆಳೆದು ಒಣಗಿ ನಿಂತಿದ್ದವು. ಬಿರುಗಾಳಿ ಇತ್ತು, ಕಿಡಿ ಬಿತ್ತು, ಆದರೆ ಉರಿಯಲು ಒದಗಿದ್ದು ಆ ಹುಲ್ಲು.

ದನ ಸಾಕುವವರ ಮಾತನ್ನೂ ಹೇಳಲೇಬೇಕು. ಸೊನೊರಾದಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಷ್ಟೋ ಕುಟುಂಬಗಳು ಈ ಹುಲ್ಲಿನ ಮೇಲೆಯೇ ನಿಂತಿವೆ. ಬರಗಾಲದಲ್ಲಿ ಅವರ ದನಗಳನ್ನು ಉಳಿಸಿದ್ದು ಇದೇ. ಅವರ ಹೊಲದಿಂದ ಇದನ್ನು ಕಿತ್ತುಹಾಕಿ ಅಂತ ನಾನು ಕೇಳುವುದಿಲ್ಲ. ಬೇಲಿಯಾಚೆ ದಾಟದ ಹಾಗೆ ಅಂಚುಗಳನ್ನು ಕಾಯಿರಿ, ಹೊಸ ಜಾಗಕ್ಕೆ ಒಯ್ಯಬೇಡಿ ಅಂತಷ್ಟೇ ಕೇಳುತ್ತೇನೆ. ಆ ಕಾವಲಿನ ಖರ್ಚನ್ನು ರೈತರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಿತ್ತಿ ಅಂತ ಹೇಳಿದ್ದು ಸರ್ಕಾರಗಳೇ.

ನಿಮ್ಮ ಮೇಜಿನ ಮೇಲೆ ಮುಂದಿನ ಬೀಜದ ಫೈಲು ಬಂದಾಗ ಒಂದು ಪ್ರಶ್ನೆಯನ್ನಾದರೂ ಕೇಳಿ. ಈ ಹುಲ್ಲು ತನ್ನ ತವರಿನ ಹೊರಗೆ ಎಲ್ಲಾದರೂ ಕಳೆಯಾಗಿದೆಯೇ? ಆಸ್ಟ್ರೇಲಿಯಾ 1997ರಿಂದ ಹೊರಗಿನಿಂದ ತರುವ ಹೊಸ ಸಸ್ಯಗಳಿಗೆ 49 ಪ್ರಶ್ನೆಗಳ ಪರೀಕ್ಷೆ ಇಟ್ಟಿದೆ. ಹವಾಮಾನ ಹೊಂದುತ್ತದೆಯೇ, ಬೀಜ ಹೇಗೆ ಹರಡುತ್ತದೆ, ಬೆಂಕಿಗೆ ದಾರಿ ಮಾಡುತ್ತದೆಯೇ ಎಂದೆಲ್ಲ ಕೇಳಿ ಅಂಕ ಕೊಡುತ್ತಾರೆ. ಅಂಕ ಮಿತಿ ದಾಟಿದರೆ ಒಳಗೆ ಬಿಡುವುದಿಲ್ಲ. ಇಂಥ ಪರೀಕ್ಷೆಯನ್ನು ಯಾವ ದೇಶದ ಯಾವ ಇಲಾಖೆಯಾದರೂ ಮಾಡಬಹುದು. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಓದಿ ತಿಳಿದ ಒಬ್ಬ ಸಸ್ಯಶಾಸ್ತ್ರಜ್ಞ ಮತ್ತು ಕೆಲವು ದಿನಗಳ ಸಮಯ ಬೇಕು.

ಆಯಾ ನೆಲದ ಹುಲ್ಲಿನ ಬೀಜವನ್ನು ಕೂಡಿಡುವ ಕೆಲಸಕ್ಕೂ ಈಗಲೇ ಹಣ ಇಡಿ. ಟೆಂಡರ್ ಕರೆದ ವಾರದಲ್ಲಿ ಅದು ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವುದು ಹೊರಗಿನದ್ದು ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ರಸ್ತೆಬದಿಗಳು ಹಾಳಾಗಿವೆ. ಹುಲ್ಲು ಕತ್ತರಿಸುವ ಯಂತ್ರವನ್ನು ಒಂದು ರಸ್ತೆಯಿಂದ ಇನ್ನೊಂದಕ್ಕೆ ಒಯ್ಯುವ ಮುಂಚೆ ತೊಳೆಸಿ. ಬಫೆಲ್ ಹುಲ್ಲಿಗೆ ರಸ್ತೆಯೇ ಹೆದ್ದಾರಿ.

ಮತ್ತೆ, ಬಂದುಬಿಟ್ಟಿದ್ದರೆ ಮೊದಲ ಹತ್ತು ಬುಡ ಕಂಡ ದಿನವೇ ಕೀಳಿಸಿ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಒಂದು ಸಣ್ಣ ಹಳ್ಳದ ದಡವನ್ನು ನಾಲ್ಕು ಜನ ಸೇರಿ ಪೂರ್ತಿ ಬಿಡಿಸಿದ್ದೆವು. ಒಂದು ಬುಡವೂ ಉಳಿದಿರಲಿಲ್ಲ. ಖುಷಿಯಿಂದ ಬೇರೆ ಗುಡ್ಡಕ್ಕೆ ಹೋದೆವು. ಎರಡು ಮಳೆಗಾಲ ಆ ಕಡೆ ತಲೆ ಹಾಕಲಿಲ್ಲ. ಹಿಂತಿರುಗಿ ನೋಡಿದರೆ ಮೊದಲಿಗಿಂತ ದಟ್ಟವಾಗಿ ಬಂದಿತ್ತು. ಬೀಜ ಮಣ್ಣಿನಲ್ಲಿ ನಾಲ್ಕೈದು ವರ್ಷ ಜೀವ ಹಿಡಿದುಕೊಂಡು ಕಾಯುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ. ಹಾಗಾಗಿ ಒಂದು ವರ್ಷಕ್ಕೆ ಮಾತ್ರ ಹಣ ಕೊಡುವ ಯೋಜನೆಗೆ ಸಹಿ ಹಾಕಬೇಡಿ. ಅದು ಸುಮ್ನೆ ದುಡ್ಡು ಹಾಳು. ಐದು ವರ್ಷ ಪ್ರತಿ ಮಳೆಯಾದ ಮೇಲೂ ಅದೇ ಜಾಗಕ್ಕೆ ಹೋಗಿ ಬರುವ ಜನಕ್ಕೆ ಸಂಬಳ ಕೊಡಿ.

ಕಳೆನಾಶಕದ ಬಗ್ಗೆ ಕೇಳಿದರೆ, ನನಗದು ಇಷ್ಟವಿಲ್ಲ. ಆದರೆ ಸಾವಿರಾರು ಬುಡಗಳಿರುವ ಕಡಿದಾದ ಇಳಿಜಾರಿನಲ್ಲಿ ಹಾರೆಯಿಂದ ಆಗುವುದಿಲ್ಲ. ಅಂಥ ಕಡೆ ಗ್ಲೈಫೊಸೇಟ್ ಸಿಂಪಡಿಸುತ್ತಾರೆ. ಅದೂ ಎಲೆ ಅರ್ಧಕ್ಕಿಂತ ಜಾಸ್ತಿ ಹಸಿರಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಬೇಸಿಗೆ ಮಳೆಯ ನಂತರ ಸಿಗುವುದು ಕೆಲವೇ ವಾರ. ಆ ವಾರಗಳಲ್ಲಿ ಮಂಜೂರಾತಿ ಬರಲಿಲ್ಲ ಅಂದರೆ ಆ ವರ್ಷ ಹೋಯಿತು. ಫೈಲು ಬೇಸಿಗೆಗೆ ಮುಂಚೆಯೇ ಮುಗಿದಿರಲಿ.

ಈ ಶನಿವಾರ ನಾವು ಅದೇ ಹಳ್ಳದ ದಡಕ್ಕೆ ಹೋಗುತ್ತಿದ್ದೇವೆ. ಇದು ಮೂರನೇ ವರ್ಷ. ಹೋದ ಸಲ ಸಿಕ್ಕಿದ್ದು ಹನ್ನೊಂದು ಬುಡ, ಎಲ್ಲವೂ ಎಳೆಯವು, ಒಂದಕ್ಕೂ ತೆನೆ ಬಂದಿರಲಿಲ್ಲ. ಅಲ್ಲೊಂದು ಪಾಲೊ ವರ್ಡೆ ಮರದ ಬುಡದಲ್ಲಿ, ಒಣ ಎಲೆ ಸರಿಸಿದಾಗ, ಗೋಲಿಗಾತ್ರದ ಒಂದು ಸವಾರೊ ಕಂಡಿತ್ತು. ಕಾಲು ತಾಗದಿರಲಿ ಅಂತ ಸುತ್ತ ನಾಲ್ಕು ಕಲ್ಲು ಇಟ್ಟು ಬಂದಿದ್ದೇವೆ.

ಇಂತಿ,
ಟೂಸಾನ್‌ನಿಂದ ಹುಲ್ಲು ಕೀಳುವವರಲ್ಲಿ ಒಬ್ಬ